ಟವಲ್ ಯಾರ್ದು?

ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕಂಪ್ಯೂಟರಿನದೂ ಅದೇ ಬುದ್ಧಿ. ಪ್ರೋಗ್ರಾಮ್ ಶುರುವಾದಾಗ ‘ನಾನು ಒಳಗಿದ್ದೇನೆ’ ಎಂದು ಒಂದು ಚಿಕ್ಕ ಫೈಲ್ ಇಡುತ್ತದೆ, ಕೆಲಸ ಮುಗಿದ ಮೇಲೆ ತಾನೇ ತೆಗೆಯುತ್ತದೆ. ಲಾಕ್ ಫೈಲ್ ಎನ್ನುತ್ತಾರೆ. ಕರೆಂಟ್ ಹೋಗಿ ಪ್ರೋಗ್ರಾಮ್ ನಡುವೆಯೇ ಸತ್ತರೆ ತೆಗೆಯುವವರು ಯಾರು? ಟವಲ್ ಅಲ್ಲೇ ಬಿದ್ದಿರುತ್ತದೆ.

ಎಚ್.ಡಿ. ಕೋಟೆಯಲ್ಲಿ ನಾನು ಕೆಲಸಕ್ಕಿದ್ದ ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ಆದದ್ದು ಅದೇ. ಕಾಡಂಚಿನ ಹಾಡಿಯಿಂದ ಗಂಡನ ಜೊತೆ ಬಂದಿದ್ದ ತುಂಬು ಬಸುರಿಯ ರಿಪೋರ್ಟು ಇನ್ನೇನು ಪ್ರಿಂಟ್ ಆಗಬೇಕು, ಕರೆಂಟ್ ಹೋಯಿತು. ಚಿಕ್ಕ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದರು, ಕೊನೆಯ ಬಸ್ಸಿಗಾದರೂ ಹೋಗಲೇಬೇಕು. ರಿಪೋರ್ಟಿಲ್ಲದೆ ಹೋದರೆ ಆ ಹೊಟ್ಟೆ ಹೊತ್ತು ಮತ್ತೆ ಅಷ್ಟು ದೂರ ಬರಬೇಕು. ಗಂಡ ಆಗಲೇ ಸ್ಟ್ಯಾಂಡಿಗೆ ಹೋಗಿ, ಅಲ್ಲಿ ನಿಂತಿದ್ದ ಆ ಕೊನೆಯ ಬಸ್ಸಿನ ಸೀಟಿಗೆ ಟವಲ್ ಹಾಕಿ ಬಂದಿದ್ದ.

ಕರೆಂಟ್ ಬಂತು. ನಮ್ಮ ಲಿನಕ್ಸ್ ಕಂಪ್ಯೂಟರ್ ಎದ್ದು, ಪ್ರೋಗ್ರಾಮನ್ನು ಇನ್ನೊಬ್ಬರು ಬಳಸುತ್ತಿದ್ದಾರೆ ಎಂದಿತು. ಆ ಕೋಣೆಯಲ್ಲಿ ನಾನೊಬ್ಬಳು, ಗೋಡೆಯ ಮೇಲೊಂದು ಹಲ್ಲಿ. ಆ ಲಾಕ್ ಫೈಲ್ ಅಳಿಸೋಣವೆಂದರೆ ಪಾಸ್‌ವರ್ಡ್ ಸಾಫ್ಟ್‌ವೇರ್ ಕೊಟ್ಟ ಮೈಸೂರಿನವರ ಕೈಯಲ್ಲಿ. ಫೋನ್ ಮಾಡಿದೆ. ಒಳಗೆ ಯಾರೋ ಕೆಲಸ ಮಾಡುತ್ತಿರಬೇಕು, ಮುಗಿಸುವ ತನಕ ಕಾಯಿರಿ ಎಂದ ಆ ಪುಣ್ಯಾತ್ಮ. ನನಗೆ ಮೈಯೆಲ್ಲ ಉರಿದುಹೋಯಿತು.

“ಮಿಷನ್ ಈಗ ತಾನೆ ಎದ್ದಿರೋದು ಕಣ್ರೀ. ಒಳಗೆ ಯಾರವ್ರೆ, ನಿಮ್ಮ ತಾತನಾ?”

ಕಂಪ್ಯೂಟರ್ ಏಳುವಾಗಲೇ ಹಳೆಯ ಲಾಕ್‌ಗಳನ್ನು ಗುಡಿಸಿ ಹಾಕುವ ಒಂದು ಸಾಲು ಸೇರಿಸಿ ಎಂದು ಹಿಂದೆಯೇ ಬಾಯಿ ನೋಯುವಷ್ಟು ಹೇಳಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. ಮೇಲಿನವರನ್ನು ಕೇಳುತ್ತೇನೆ ಎಂದು ಫೋನಿಟ್ಟವನು ಹೊತ್ತು ಮುಳುಗುವಾಗ ಮೈಸೂರಿನಿಂದಲೇ ಆ ಫೈಲ್ ಅಳಿಸಿದ. ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ ಅದು.

ರಿಪೋರ್ಟು ಕೈಗೆ ಬಂದದ್ದೇ ಬಸ್ಸು ನಿಲ್ಲಿಸಲು ಗಂಡ ಮುಂದೆ ಓಡಿದ. ಸ್ವಲ್ಪ ಹೊತ್ತಿಗೆ ಮಣ್ಣಾದ ಟವಲ್ ಕೊಡವುತ್ತ ವಾಪಸ್ ಬಂದ.

“ಬಸ್ಸು ಒಂಟೋಯ್ತು ಕಣಕ್ಕ. ಟವಲ್ ಯಾರ್ದು ಅಂತ ಕಂಡಕ್ಟ್ರು ಎಲ್ಡ್ ಸಲ ಕೂಗಿದ್ರಂತೆ. ಯಾರೂ ಮಾತಾಡ್ನಿಲ್ಲ ಅಂತ ಕೆಳಕ್ಕಾಕವ್ರೆ.”

ಕಂಡಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿಯಾದರೂ ಕೇಳಿದರು. ಸತ್ತ ಪ್ರೋಗ್ರಾಮಿನ ಟವಲ್‌ಗೆ ಸಂಜೆಯ ತನಕ ಮರ್ಯಾದೆ, ಎರಡು ಜೀವ ಹೊತ್ತವಳ ಟವಲ್ ಬೀದಿಯಲ್ಲಿ. ಇವತ್ತು ನೆನೆದರೂ ರಕ್ತ ಕುದಿಯುತ್ತದೆ. ಮಗಳು ಅಳುತ್ತಿರುತ್ತಾಳೇನೋ ಎನ್ನುತ್ತಲೇ ಆಕೆ ಅದೇ ಟವಲನ್ನು ಮಡಚಿ ತಲೆಗಿಟ್ಟುಕೊಂಡು ನಮ್ಮ ಲ್ಯಾಬಿನ ಬೆಂಚಿನ ಮೇಲೆ ಮಲಗಿದಳು.