ಲಸಿಕೆಯ ಕಾಲಂನಲ್ಲಿ ಒಂದು ‘ಹೌದು’

ಎರಡು ವರ್ಷದ ಹಿಂದೆ ಸಿಂಗಪುರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಫ್ಲೂ ಸರ್ವೇಲೆನ್ಸ್ ತಂಡದ ರಿಸರ್ಚ್ ಕೋಆರ್ಡಿನೇಟರ್ ಆಗಿದ್ದೆ. ಜ್ವರ, ಕೆಮ್ಮು ಎಂದು ದಾಖಲಾದ ವಯಸ್ಕರ ಮೂಗಿನಿಂದ ಸ್ವಾಬ್ ತೆಗೆಸುವುದು, ಈ ವರ್ಷ ಲಸಿಕೆ ಹಾಕಿಸಿಕೊಂಡಿದ್ದೀರಾ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಫ್ಲೂ ಇದ್ದವರಲ್ಲಿ ಎಷ್ಟು ಜನ ಲಸಿಕೆ ಪಡೆದಿದ್ದರು, ಇಲ್ಲದವರಲ್ಲಿ ಎಷ್ಟು ಜನ ಎಂದು ಹೋಲಿಸಿದರೆ ಲಸಿಕೆಯ ಪರಿಣಾಮ ತಿಳಿಯುತ್ತದೆ. ಹುಸಿ ‘ಹೌದು’ಗಳು ಸೇರಿದರೆ ಲೆಕ್ಕ ಕೆಡುತ್ತದೆ. ನನ್ನದು ಮೊದಲೇ ಅನುಮಾನದ ಸ್ವಭಾವ. ಈ ಕೆಲಸ ಅದನ್ನು ಕಾಯಿಲೆ ಮಾಡಿಬಿಟ್ಟಿತ್ತು.

ಮೈಸೂರಿನ ನಾಗರತ್ನ ಆಂಟಿ ಮಗಳ ಬಾಣಂತನಕ್ಕೆಂದು ಇಲ್ಲಿನ ಬಿಶಾನ್ ಬಡಾವಣೆಗೆ ಬಂದವರು. ಫ್ಲೂ ಪಾಸಿಟಿವ್, ಜೊತೆಗೆ ನ್ಯುಮೋನಿಯಾ. ಲಸಿಕೆ ಆಗಿದೆಯೇ ಎಂದಾಗ ಮಗಳ ಮುಖ ನೋಡಿ ಹೌದೆಂದರು. ಏಳು ತಿಂಗಳ ಗರ್ಭಿಣಿ ಸಿಂಧು ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ನಾನೇ ಅಪಾಯಿಂಟ್‌ಮೆಂಟ್ ಬುಕ್ ಮಾಡಿದ್ದೆ. ಹಾಕಿಸ್ಕೊಂಡೂ ಅಮ್ಮಂಗೆ ಹೀಗಾಯ್ತಲ್ಲ! ನನಗೂ ತಗೋ ಅಂದಿದ್ದಾರೆ ಡಾಕ್ಟರ್. ಕ್ಯಾನ್ಸಲ್ ಮಾಡ್ತೀನಿ, ಏನ್ ಯೂಸು?”

ಲಸಿಕೆ ಪಡೆದವರಿಗೂ ಕೆಲವೊಮ್ಮೆ ಫ್ಲೂ ಬರುತ್ತದೆ, ಆದರೂ ಉಪಯೋಗವಿದೆ ಎಂದೆ. ಕಣ್ಣೆದುರು ತಾಯಿ ಮಲಗಿರುವಾಗ ನನ್ನ ಪಾಠ ಯಾರಿಗೆ ಬೇಕು?

ನಿಯಮದಂತೆ ಸಿಂಧು ಬುಕ್ ಮಾಡಿದ್ದ ಕ್ಲಿನಿಕ್ಕಿಗೆ ಫೋನ್ ಮಾಡಿ ವಿಚಾರಿಸಿದೆ. ಆಂಟಿ ಅಲ್ಲಿಗೆ ಹೋಗಿಯೇ ಇರಲಿಲ್ಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ರೋಗಿಯ ಮಾಹಿತಿಯನ್ನು ಮಗಳಿಗೂ ಹೇಳುವಂತಿಲ್ಲ. ಗರ್ಭಿಣಿಗೆ ಫ್ಲೂ ಎಷ್ಟು ಅಪಾಯವೆಂದು ಬಲ್ಲ ನಾನೇ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಸಿಂಧು ಮನೆಗೆ ಹೊರಟ ಮೇಲೆ ಆಂಟಿಯನ್ನೇ ಕೇಳಿದೆ.

“ಸೀಮಂತಕ್ಕೆ ಎರಡೇ ದಿನ ಇತ್ತಮ್ಮ. ಇಂಜೆಕ್ಷನ್ ತಗೊಂಡ್ರೆ ಜ್ವರ ಬರತ್ತೆ ಅಂದ್ರು ಯಾರೋ. ನಾನು ಮಲಗಿಬಿಟ್ರೆ ಒಬ್ಬಟ್ಟು ಮಾಡೋರ್ಯಾರು? ವಾಯ್ಡ್ ಡೆಕ್ ಅಂತಾರಲ್ಲ, ಬಿಲ್ಡಿಂಗ್ ಕೆಳಗಿನ ಖಾಲಿ ಜಾಗ, ಅಲ್ಲಿ ಒಂದು ಗಂಟೆ ಕೂತಿದ್ದು ವಾಪಸ್ ಬಂದೆ. ಅವಳಿಗೆ ಹೇಳ್ಬೇಡ, ಮರ್ಯಾದೆ ಹೋಗತ್ತೆ.”

“ನಾನು ಹೇಳೋ ಹಾಗೂ ಇಲ್ಲ ಆಂಟಿ. ಆದ್ರೆ ನಿಮ್ಮನ್ನ ನೋಡಿ ಅವಳು ತನ್ನ ಲಸಿಕೆ ಕ್ಯಾನ್ಸಲ್ ಮಾಡ್ತಿದ್ದಾಳೆ.”

ಆಂಟಿ ಗೋಡೆಯ ಕಡೆ ತಿರುಗಿ ಮಲಗಿದರು. ಮಾರನೆಯ ದಿನವೆಲ್ಲ ಏನಾದರೊಂದು ನೆಪ ಹುಡುಕಿಕೊಂಡು ನಾನು ಆ ವಾರ್ಡಿನಲ್ಲೇ ಸುಳಿದಾಡಿದೆ. ಸಂಜೆ ಸಿಂಧು ಬಂದಾಗ ಆಂಟಿ ಆಕ್ಸಿಜನ್ ಮಾಸ್ಕ್ ಸರಿಸಿ, ತಾವೇ ಎಲ್ಲವನ್ನೂ ಹೇಳಿದರು.

ಸಿಂಧು ಬಾಗಿಲಲ್ಲಿ ನಿಂತೇ ಅತ್ತಳು. “ಒಬ್ಬಟ್ಟು ಅಂಗಡಿಯಿಂದ ತರಿಸ್ತಿದ್ದೆ ಅಮ್ಮ. ನಿನ್ನನ್ನ ಎಲ್ಲಿಂದ ತರಿಸ್ಲಿ?”

ಮರುದಿನವೇ ಅವಳು ಲಸಿಕೆ ಹಾಕಿಸಿಕೊಂಡಳು. ವಾರದ ಮೇಲೆ ಆಂಟಿ ಮನೆಗೆ ಹೋದರು. ನಾನು ‘ಹೌದು’ ಎಂಬುದನ್ನು ಹೊಡೆದುಹಾಕಿ ‘ಇಲ್ಲ’ ಎಂದು ಬರೆದೆ. ಆದರೆ ಮಗಳ ಎದುರಿಗೇ ಆ ಪ್ರಶ್ನೆ ಕೇಳಿದವಳು ನಾನು. ಆ ಸುಳ್ಳಿನಲ್ಲಿ ಅರ್ಧ ಪಾಲು ನನ್ನದು. ಅಂದಿನಿಂದ ಮನೆಯವರನ್ನು ಹೊರಗೆ ಕಳುಹಿಸಿದ ಮೇಲೆಯೇ ಕೇಳುತ್ತೇನೆ.