ಮಗು ತಿಂದ ಅನ್ನಕ್ಕೆ ಬಿಲ್ಲು

ಒಂದು ಬಿಲ್ ಬರೆದುಕೊಡುತ್ತೀರಾ ಎಂದು ಮಗುವಿನ ತಾಯಿ ಕೇಳಿದ ಸಂಜೆ ನಾನು ಅವರೆಕಾಳು ಹಿತುಕುತ್ತಾ ಕೂತಿದ್ದೆ. ಮಗು ನನ್ನ ಪಕ್ಕದಲ್ಲೇ ಕೂತು, ಬೇಳೆಯನ್ನು ಸಿಪ್ಪೆಯ ತಟ್ಟೆಗೂ ಸಿಪ್ಪೆಯನ್ನು ಬೇಳೆಯ ಪಾತ್ರೆಗೂ ಹಾಕುತ್ತಾ ಸಹಾಯ ಮಾಡುತ್ತಿತ್ತು. ಬಿಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ನನ್ನ ಹುಟ್ಟುಗುಣ. ನಮ್ಮ ಯಜಮಾನರು ಇದ್ದಾಗ, ನಿನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು, ಕೋಪ ಮಾತ್ರ ಎಲ್ಲೂ ಹೋಗಿಲ್ಲ.

ನಾನಿರುವುದು ಕುರುಬರಹಳ್ಳಿಯಲ್ಲಿ, ಕೆಳಗಿನ ಬಾಡಿಗೆ ಮನೆ. ಮಾಲೀಕರು ಮಹಡಿಯ ಮೇಲೆ. ನಮಗೆ ಮಕ್ಕಳಾಗಲಿಲ್ಲ, ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನಗೆ ದಾಟಿದೆ. ಯಜಮಾನರು ಹೋದ ಮೇಲೆ ಮೂರು ವರ್ಷ ನನ್ನ ಮಾತುಕತೆಯೆಲ್ಲ ಟೀವಿಯ ಜೊತೆ. ಧಾರಾವಾಹಿಯ ಅತ್ತೆಯನ್ನು ಬೈಯುವುದು, ಸೊಸೆಗೆ ಬುದ್ಧಿ ಹೇಳುವುದು. ಹಾಲಿನ ಬೂತಿನಲ್ಲಿ 'ಒಂದರ್ಧ ಲೀಟರ್ ಕೊಡಪ್ಪ' ಅಂದದ್ದು ಬಿಟ್ಟರೆ ಮನುಷ್ಯರ ಜೊತೆ ಮಾತೇ ಆಡದ ದಿನಗಳು ಎಷ್ಟೋ ಇದ್ದವು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವುದಕ್ಕೂ ಒಬ್ಬರು ಬೇಕಲ್ಲ.

ಹಾಗಿರುವಾಗ ಮಾಲೀಕರ ಹೆಂಡತಿ ಹಿಂದಿನ ರಸ್ತೆಯ ಗಂಡ ಹೆಂಡತಿಯನ್ನು ಕರೆದುಕೊಂಡು ಬಂದರು. ಆ ಹುಡುಗಿ ನಾಯಂಡಹಳ್ಳಿಯ ಒಂದು ಕಂಪನಿಯಲ್ಲಿ ಆಫೀಸು ಕೆಲಸಕ್ಕಿದ್ದಳು, ಗಂಡನದು ಶಿಫ್ಟ್ ಕೆಲಸ. ಒಂಬತ್ತು ತಿಂಗಳ ಹೆಣ್ಣುಮಗು. ಎರಡೂ ಕಡೆಯ ಅಜ್ಜಿಯರು ಊರಲ್ಲಿ. ಬೆಳಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ ನೋಡಿಕೊಳ್ಳಬೇಕು, ತಿಂಗಳಿಗೆ ಎಷ್ಟು ಕೊಡಬೇಕು ಎಂದು ಕೇಳಿದರು. ಅಷ್ಟರಲ್ಲಿ ಮಗು ನನ್ನ ಕೈಬಳೆ ಹಿಡಿದುಕೊಂಡಾಗಿತ್ತು. ನಿಮಗೆ ತೋಚಿದ್ದು ಕೊಡಿ ಎಂದುಬಿಟ್ಟೆ.

ಅವರಿಗೆ ತೋಚಿದ್ದು ಮೂರು ಸಾವಿರ. ತಿಂಗಳ ಮೊದಲ ಶುಕ್ರವಾರ ತಟ್ಟೆಯಲ್ಲಿ ಎಲೆ ಅಡಿಕೆ, ಎರಡು ಬಾಳೆಹಣ್ಣು ಇಟ್ಟು, ಅದರ ಕೆಳಗೆ ಕವರಿಟ್ಟು ಕೊಡುತ್ತಿದ್ದಳು. ನಾನು ಅವಳೆದುರು ಕವರನ್ನು ಬಿಚ್ಚದೆ ದೇವರ ಮುಂದೆ ಇಡುತ್ತಿದ್ದೆ. ಮಾಲೀಕರ ಹೆಂಡತಿಗೆ ಇದು ಗೊತ್ತಾಗಿ ತಲೆ ಚಚ್ಚಿಕೊಂಡರು. ಬಸವೇಶ್ವರನಗರದಲ್ಲಿ ಇದಕ್ಕೆ ಮೂರು ಪಟ್ಟು ತೆಗೆದುಕೊಳ್ಳುತ್ತಾರೆ, ಊಟ ಬೇರೆ ಅವರದೇ ಡಬ್ಬಿಯಲ್ಲಿ ಬರುತ್ತದೆ, ನಿಮಗೇನು ಹುಚ್ಚೇ ಎಂದರು. ನಾನೇನು ಅಂಗಡಿ ಇಟ್ಟಿದ್ದೀನಾ ಎಂದು ಬಾಯಿ ಮುಚ್ಚಿಸಿದೆ.

ಊಟ ನಮ್ಮ ಮನೆಯದೇ. ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಮಿಲ್ಲಿಗೆ ಹಾಕಿಸಿ, ತೆಳು ಬಟ್ಟೆಯಲ್ಲಿ ಜಾಲಿಸಿ ಸರಿಹಿಟ್ಟು ಮಾಡುತ್ತಿದ್ದೆ. ಹಲ್ಲು ಬಂದ ಮೇಲೆ ಮೆತ್ತಗಿನ ಅನ್ನ, ತುಪ್ಪ, ಬೇಳೆಕಟ್ಟು. ಮಗು ತಿನ್ನುವ ತುತ್ತನ್ನು ಎಣಿಸಬಾರದು, ಎಣಿಸಿದರೆ ಮೈಗೆ ಹತ್ತುವುದಿಲ್ಲ ಎನ್ನುವುದು ನಮ್ಮ ಕಡೆಯ ಮಾತು. ಮಗು ಎರಡು ಇಡ್ಲಿ ತಿಂದಿದ್ದರೂ 'ಏನೋ ಒಂಚೂರು ಬಾಯಾಡ್ತು' ಎಂದೇ ಹೇಳುವುದು. ಹಾಗಾಗಿ ಹಾಲು ಎಷ್ಟು ಹೋಯಿತು, ಗ್ಯಾಸ್ ಎಷ್ಟು ದಿನಕ್ಕೆ ಮುಗಿಯಿತು ಎಂಬ ಲೆಕ್ಕವನ್ನೇ ನಾನು ಇಡಲಿಲ್ಲ. ಯಜಮಾನರ ಪಿಂಚಣಿಯಲ್ಲಿ ಹೇಗೋ ನಡೆಯುತ್ತಿತ್ತು. ಕೆಂಗೇರಿಯಲ್ಲಿರುವ ನನ್ನ ತಂಗಿ, ಒಂದು ದಿನವಾದರೂ ಬಂದು ಹೋಗೇ ಎಂದು ಕರೆದು ಕರೆದು ಸುಸ್ತಾದಳು. ಮಗು ಇದೆ, ಹೇಗೆ ಬರಲಿ ಎನ್ನುತ್ತಿದ್ದೆ. ಆ ಮಾತು ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತು ಎಂದು ಅವಳಿಗೆ ಗೊತ್ತಿಲ್ಲ.

ಮಗು ನನ್ನನ್ನು ಅಜ್ಜಿ ಎನ್ನುತ್ತಿತ್ತು. ಮಧ್ಯಾಹ್ನ ನನ್ನ ಸೆರಗು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿತ್ತು. ಬಿಡಿಸಿಕೊಳ್ಳಲು ಹೋದರೆ ಎಚ್ಚರವಾಗುತ್ತದೆಂದು ನಾನೂ ಅಲ್ಲೇ ಒರಗುತ್ತಿದ್ದೆ; ಒಲೆಯ ಮೇಲೆ ಸಾರು ಸೀದು ಹೋದ ದಿನಗಳೂ ಇವೆ.

ಹೀಗೆ ಎರಡೂವರೆ ವರ್ಷ. ಆಮೇಲೆ ಬಂದದ್ದು ಆ ಬಿಲ್ಲಿನ ಮಾತು. ಆ ಹುಡುಗಿ ಪಾಪ, ನಿಧಾನವಾಗಿಯೇ ವಿವರಿಸಿದಳು. ಅವಳ ಕಂಪನಿಯಲ್ಲಿ ಮಗು ನೋಡಿಕೊಳ್ಳುವ ಖರ್ಚಿಗೆಂದು ಇನ್ನು ಮುಂದೆ ಎಂಟು ಸಾವಿರದವರೆಗೆ ಕೊಡುತ್ತಾರಂತೆ. ಮನೆಯಲ್ಲಿ ನೋಡಿಕೊಳ್ಳುವವರ ಬಿಲ್ಲೂ ನಡೆಯುತ್ತದಂತೆ. ಊಟಕ್ಕೆ ಇಷ್ಟು, ನೋಡಿಕೊಳ್ಳುವುದಕ್ಕೆ ಇಷ್ಟು ಎಂದು ಬರೆದು ನಾನು ಸಹಿ ಹಾಕಿದರೆ ಸಾಕು, ಅಷ್ಟನ್ನೂ ನನಗೇ ಕೊಡುತ್ತಾಳೆ. ಮೂರು ಸಾವಿರ ಕೊಡುವಾಗೆಲ್ಲ ಅವಳಿಗೆ ಮುಜುಗರವಾಗುತ್ತಿತ್ತಂತೆ.

ಎಲ್ಲರಿಗೂ ಒಳ್ಳೆಯದಾಗುವ ಮಾತು. ನನಗೆ ಕೇಳಿಸಿದ್ದು 'ಊಟಕ್ಕೆ ಇಷ್ಟು' ಎಂಬುದೊಂದೇ.

"ಮಗು ತಿಂದಿದ್ದಕ್ಕೆ ಬಿಲ್ ಹಾಕೋಳು ನಾನಲ್ಲಮ್ಮ. ಬಿಲ್ಲೇ ಬೇಕು ಅಂದ್ರೆ ಕೊಡೋ ಕಡೆ ಮಗೂನ ಬಿಡಿ, ಹೋಗಿ."

ಅವಳು ಮಗುವಿನ ಕೈಗೆ ಅಂಟಿದ್ದ ಅವರೆಸಿಪ್ಪೆ ಒರೆಸಿ ಎತ್ತಿಕೊಂಡು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಹೇಳುವುದರಲ್ಲಿ ನಾನು ಎಲ್ಲರಿಗಿಂತ ಮುಂದು.

ಮಾರನೆಯ ದಿನ ಅವಳು ಮತ್ತೆ ಕೇಳುತ್ತಾಳೆ, ಆಗ ಸ್ವಲ್ಪ ಗೊಣಗಿ ಒಪ್ಪಿಕೊಳ್ಳೋಣ ಎಂದುಕೊಂಡಿದ್ದೆ. ಕೇಳಲಿಲ್ಲ. ಎಂದಿನಂತೆ ಎಂಟಕ್ಕೆ ಬಿಟ್ಟಳು, ಆರೂವರೆಗೆ ಕರೆದುಕೊಂಡಳು. ಸದ್ಯ, ನನ್ನ ಮಾತು ನಾಟಿತು ಎಂದು ಒಳಗೊಳಗೇ ಬೀಗಿದೆ. ಎರಡು ವಾರ ಕಳೆದ ಮೇಲೆ ಮಾಲೀಕರ ಹೆಂಡತಿ ಬಟ್ಟೆ ಒಣಗಿಸಲು ಹೋಗುವವರು ನನ್ನ ಬಾಗಿಲಲ್ಲಿ ನಿಂತರು. ಆ ಗಂಡ ಹೆಂಡತಿ ಚಂದ್ರಾ ಲೇಔಟಿನಲ್ಲಿ ಯಾವುದೋ ಪ್ಲೇಹೋಮ್ ನೋಡಿ ಬಂದರಂತೆ, ನಿಮಗೆ ಹೇಳಿಲ್ಲವೇ ಎಂದರು.

ಅಂದು ಮಧ್ಯಾಹ್ನ ಮಗು ಮಲಗಿದ ಮೇಲೆ, ಸೆರಗನ್ನು ಅದರ ಮುಷ್ಟಿಯಲ್ಲೇ ಬಿಟ್ಟು, ಇನ್ನೊಂದು ಕೈಯಲ್ಲಿ ಬಿಲ್ ಬರೆಯಲು ಕೂತೆ. ಹಾಲು, ರಾಗಿ, ತುಪ್ಪ, ಬೇಳೆ, ಹಣ್ಣು, ಗ್ಯಾಸು. ಬರೆಯುತ್ತಾ ಹೋದಂತೆ ನನಗೇ ಗಾಬರಿ. ಅವರು ಕೊಡುತ್ತಿದ್ದ ಮೂರು ಸಾವಿರ ಊಟಕ್ಕೇ ಸಾಲುತ್ತಿರಲಿಲ್ಲ. ಕೆಳಗೆ 'ನೋಡಿಕೊಂಡದ್ದಕ್ಕೆ' ಎಂದು ಬರೆದು ಪೆನ್ನು ನಿಂತಿತು. ಅದಕ್ಕೆ ಎಷ್ಟು ಹಾಕುವುದು? ಆ ಮಗು ಬಂದ ಮೇಲೆ ನಾನು ಬೆಳಗ್ಗೆ ತಲೆ ಬಾಚಿಕೊಂಡು ಕಾಯುವಂತಾಗಿದ್ದೆ. ನ್ಯಾಯವಾಗಿ ನೋಡಿದರೆ ಅವರಿಗೇ ನಾನು ಕೊಡಬೇಕಿತ್ತು.

ಆಗ ನನಗೆ ನನ್ನ ಕಳ್ಳತನ ತಿಳಿಯಿತು. ದುಡ್ಡು ಕೇಳದೆ ಇದ್ದದ್ದು ನನ್ನ ದೊಡ್ಡ ಮನಸ್ಸಲ್ಲ. ಸಂಬಳ ತೆಗೆದುಕೊಂಡರೆ ಅದು ಕೆಲಸವಾಗುತ್ತದೆ, ಕೆಲಸದವರನ್ನು ಬಿಡಿಸಬಹುದು. ಅಜ್ಜಿಯನ್ನು ಯಾರು ಬಿಡಿಸುತ್ತಾರೆ? ಬಿಡಿಸದಿರಲಿ ಎಂದೇ ತಿಂಗಳು ತಿಂಗಳೂ ಕೈಯಿಂದ ಹಾಕಿಕೊಂಡು ಅಜ್ಜಿಯಾಗಿದ್ದೆ.

ಒಟ್ಟು ಎಂಟು ಸಾವಿರ ಎಂದು ಬರೆದು, ಸಹಿ ಹಾಕಿ, ಸಂಜೆ ಅವಳ ಕೈಗೆ ಕೊಟ್ಟೆ. ಅವಳು ನಿಂತಲ್ಲೇ ಓದಿದಳು. ಹಾಲಿನಿಂದ ಶುರುಮಾಡಿ ಕೊನೆಯವರೆಗೆ ಓದುವಷ್ಟರಲ್ಲಿ ಅವಳ ಮುಖ ಸಣ್ಣದಾಯಿತು. ಇಷ್ಟು ಖರ್ಚಾಗುತ್ತಿತ್ತೇ, ಒಂದು ದಿನವೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಮೂರು ದಿನದ ಹಿಂದೆ ಅಡ್ಮಿಷನ್ ಆಗಿಹೋಗಿದೆ, ಸೋಮವಾರದಿಂದ ಅಲ್ಲಿಗೆ, ನನಗೆ ಹೇಳಲು ಬಾಯಿ ಬರದೆ ಒದ್ದಾಡುತ್ತಿದ್ದಾಳೆ ಎಂಬುದೂ ಆಗಲೇ ಹೊರಗೆ ಬಂತು.

ನಾನು ಯಾರ ಹತ್ತಿರವೂ ಬೇಡಿದವಳಲ್ಲ. ಅವತ್ತು ಬೇಡಿದೆ. ಸಿಟ್ಟಿನಲ್ಲಿ ಏನೋ ಅಂದೆ, ನನ್ನ ಬಾಯಿ ನಿನಗೆ ಗೊತ್ತಿಲ್ಲವೇ, ಇನ್ನೊಂದು ಸಲ ಕೇಳಬಾರದಿತ್ತೇ ಎಂದೆ.

"ಕೆಲಸದೋರು ಅಂದ್ಕೊಂಡಿದ್ರೆ ಇನ್ನೊಂದ್ಸಲ ಕೇಳ್ತಿದ್ದೆ ಆಂಟಿ, ಚೌಕಾಸಿನೂ ಮಾಡ್ತಿದ್ದೆ. ಮನೆ ಹಿರಿಯರು ಅಂದ್ಕೊಂಡಿದ್ದೆ. ಹಿರಿಯರು ಬೇಡ ಅಂದ್ಮೇಲೆ ಎದುರು ಮಾತಾಡ್ತಾರಾ?"

ಹೀಗೆ ಹೇಳುವಾಗ ಅವಳು ಅಳುತ್ತಿದ್ದಳು. ಪ್ಲೇಹೋಮಿಗೆ ಇಡೀ ವರ್ಷದ ದುಡ್ಡು ಕಟ್ಟಿದ್ದಾರೆ, ವಾಪಸು ಬರುವುದಿಲ್ಲ. ನಾನು ಇನ್ನು ಒತ್ತಾಯ ಮಾಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದನ್ನು ಯಾರ ಮೇಲೆ ಹಾಕಲಿ. ನಾನು ಬಯಸಿದ ಮರ್ಯಾದೆಯನ್ನೇ ಅವಳು ನನಗೆ ಪೂರ್ತಿಯಾಗಿ ಕೊಟ್ಟಿದ್ದಳು.

ಸೋಮವಾರ ಎಂಟಕ್ಕೆ ಸರಿಯಾಗಿ ತಲೆ ಬಾಚಿಕೊಂಡು ಕೂತಿದ್ದೆ. ಎಲ್ಲಿಗೂ ಹೋಗುವುದಿರಲಿಲ್ಲ. ಸಂಜೆ ಅವಳ ಫೋನ್ ಬಂತು. ಮಗು ದಿನವಿಡೀ ಅತ್ತಿತಂತೆ, ಅಜ್ಜಿ ಬೇಕು ಎಂದು ಊಟ ಮುಟ್ಟಲಿಲ್ಲವಂತೆ. ಅಯ್ಯೋ ಕಂದ ಎಂದೆ. ಮಂಗಳವಾರವೂ ಅದೇ, ಬುಧವಾರವೂ ಅದೇ. ಏನು ಮಾಡಲಿ ಎಂದು ಕೇಳಿದಳು. ಸೆರಗಿನಂಥ ಮೆತ್ತನೆಯ ಬಟ್ಟೆ ಏನಾದರೂ ಕೈಗೆ ಕೊಟ್ಟು ಮಲಗಿಸಲು ಹೇಳು ಎಂದೆ. ನನ್ನದೇ ಒಂದು ಹಳೆಯ ವಾಯಿಲ್ ಸೀರೆಯನ್ನು ಹರಿದು, ತುಂಡು ಮಾಡಿ, ಅಂಚು ಹೊಲಿದು ಅವಳ ಗಂಡನ ಕೈಯಲ್ಲಿ ಕಳಿಸಿಕೊಟ್ಟೆ.

ಶುಕ್ರವಾರ ಮತ್ತೆ ಫೋನ್. ಅವಳ ದನಿಯಲ್ಲೇ ಗೆಲುವು ಗೊತ್ತಾಗುತ್ತಿತ್ತು. ಮಗು ಇವತ್ತು ಅಳಲಿಲ್ಲವಂತೆ, ಅನ್ನ ತಿಂದಿತಂತೆ, ಬಟ್ಟೆ ಹಿಡಿದುಕೊಂಡು ಎರಡು ಗಂಟೆ ಮಲಗಿತಂತೆ, ಅಜ್ಜಿ ಎಲ್ಲಿ ಎಂದು ಒಂದು ಸಲವೂ ಕೇಳಲಿಲ್ಲವಂತೆ. ಒಳ್ಳೆಯದಾಯಿತು ಬಿಡಮ್ಮ ಎಂದು ಹೇಳಿ ಫೋನ್ ಇಟ್ಟೆ. ಮಗು ಅಳುತ್ತಿದೆ ಎಂದು ಕೇಳಿದ ಮೂರು ರಾತ್ರಿಯೂ ನನಗೆ ನಿದ್ದೆ ಬಂದಿತ್ತು. ಅವತ್ತು ಬರಲಿಲ್ಲ.