ದೇವರ ದೀಪಕ್ಕೆ ಹೋದ ತಲೆಯೆಣ್ಣೆ

ಮೊಮ್ಮಗಳ ತಲೆಯಲ್ಲಿ ಮತ್ತೆ ಕೂದಲು ಬಂದದ್ದು ಡಾಕ್ಟರ ಸೂಜಿಯಿಂದ, ನನ್ನ ರೋಸ್‌ಮೆರಿ ಎಣ್ಣೆಯಿಂದ ಅಲ್ಲ. ಮನೆಮಂದಿಗೆಲ್ಲ ಇದು ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು.

ನಾನು ಗದಗದ ಕಡೆಯವಳು. ಗಂಡನ ಕಾರ್ಖಾನೆ ಕೆಲಸದ ಹಿಂದೆ ವಿಶಾಖಪಟ್ಟಣಕ್ಕೆ ಬಂದು ಊರಂಚಿನ ಪೆಂಡುರ್ತಿಯಲ್ಲೇ ಉಳಿದೆ. ಮಗಳನ್ನು ವಿಜಯವಾಡದ ತೆಲುಗರ ಮನೆಗೆ ಕೊಟ್ಟೆವು. ಅವಳ ಮಗಳು ಕಾಲೇಜು ಓದುತ್ತಾಳೆ. ಹೋದ ವರ್ಷ ಆ ಹುಡುಗಿಯ ನೆತ್ತಿಯ ಹಿಂದೆ ರೂಪಾಯಿಯಗಲ ಕೂದಲು ಹೋಗಿ ಬರೀ ಚರ್ಮ ಕಂಡಿತು. ಇಲ್ಲಿಯವರು ಪೇನುಕೊರುಕುಡು ಅನ್ನುತ್ತಾರೆ, ಹೇನು ಕಡಿದು ಹೋಗುತ್ತದಂತೆ. ಹೇನು ಯಾವ ಕಾಲಕ್ಕೆ ಅಷ್ಟಗಲ ಕಡಿದೀತು?

ಫೋನು ತೆಗೆದರೆ ಎಲ್ಲರೂ ಕೂದಲಿಗೆ ರೋಸ್‌ಮೆರಿ ರೋಸ್‌ಮೆರಿ ಅನ್ನುತ್ತಿದ್ದರು. ನಾನೂ ಒಣ ಎಲೆ ತರಿಸಿದೆ. ಸಮುದ್ರದ ದಂಡೆಯ ಸರ್ವೆ ಮರದ ಎಲೆಯನ್ನು ತುಂಡು ಮಾಡಿದ ಹಾಗಿತ್ತು. ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಹಳೆಯ ಮಂಗಳಗಿರಿ ಸೀರೆಯ ತುಂಡಿನಲ್ಲಿ ಸೋಸಿ, ಬಾಟಲಿ ತುಂಬಿ ಕಳಿಸುತ್ತ ಬಂದೆ.

ಕೆಲವು ತಿಂಗಳಾದ ಮೇಲೆ ಮಗಳು ವಿಡಿಯೊ ಕಾಲಿನಲ್ಲಿ ಹುಡುಗಿಯ ತಲೆ ತಿರುಗಿಸಿ ತೋರಿಸಿದಳು. ಸಣ್ಣ ಸಣ್ಣ ಕೂದಲು ಬಂದಿತ್ತು.

“ಎಲ್ಲಾ ನಿನ್ನ ಎಣ್ಣೀದ ಪುಣ್ಯ ನೋಡವ್ವಾ,” ಅಂದಳು.

ನಾನು ಸುಮ್ಮನಿರುವವಳೇ? ಓಣಿಗೆಲ್ಲ ಹೇಳಿದೆ. ಎದುರು ಮನೆಯಾಕೆ, ಬಂದರಿನ ಗುಮಾಸ್ತನ ಹೆಂಡತಿ, ಕಿವಿಗೊಟ್ಟು ಕೇಳಿದಳು. ಆಕೆಯದು ಬೇರೆ ಥರ. ಬೈತಲೆ ಅಗಲವಾಗುತ್ತಿತ್ತು, ನವೆ, ಉರಿ, ಕೂದಲು ಹೋದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಚರ್ಮದ ಡಾಕ್ಟರ ಹತ್ತಿರ ಹೊರಟಿದ್ದವಳು ನನ್ನ ಮಾತು ನಂಬಿ ನಿಂತಳು. ಎಣ್ಣೆ ಹಚ್ಚಿದಳು. ಹೊಳೆಯುವ ಜಾಗ ಮಾತ್ರ ದೊಡ್ಡದಾಗುತ್ತಲೇ ಹೋಯಿತು. ನಾನು, ಇನ್ನೂ ಸ್ವಲ್ಪ ತಾಳು ತಾಳು ಅನ್ನುತ್ತಿದ್ದೆ.

ಅಂಥದರಲ್ಲಿ ಹೊಸ ಬಾಟಲಿ ಹಿಡಿದು ವಿಜಯವಾಡಕ್ಕೆ ಹೋದೆ. ಸಂಜೆ ಬಾಗಿಲೊಳಗೆ ಕಾಲಿಟ್ಟರೆ ನನ್ನ ಎಣ್ಣೆಯದೇ ವಾಸನೆ. ಹುಡುಗಿಯ ತಲೆ ಮೂಸಿದೆ, ಬರೀ ಶಾಂಪೂ. ವಾಸನೆ ಬರುತ್ತಿದ್ದದ್ದು ದೇವರ ಮನೆಯಿಂದ. ಮಗಳ ಅತ್ತೆ ನನ್ನ ಬಾಟಲಿ ಬಗ್ಗಿಸಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

“ವದಿನಗಾರೂ, ಇದು ಎಷ್ಟು ಚೆನ್ನಾಗಿ ಉರಿಯುತ್ತೆ! ವಾಸನೆಗೆ ಸೊಳ್ಳೆಯೂ ಬರಲ್ಲ,” ಅಂದಳು ತೆಲುಗಿನಲ್ಲಿ.

“ತಲೆಗೆ ಹಚ್ಚುವುದಿಲ್ಲವಾ?”

“ತಲೆಗೆ ಡಾಕ್ಟರು ಸೂಜಿ ಹಾಕ್ತಾರಲ್ಲ!” ಅಂದವಳು ಸೊಸೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಮಗಳ ಕಡೆ ತಿರುಗಿದೆ.

“ನಿನಗ ಬ್ಯಾಸರ ಆಗಬಾರದಂತ ಹೇಳಲಿಲ್ಲವ್ವಾ,” ಅಂದಳು. “ಕೂದಲಾ ಉದುರೂದು ಎಲ್ಲಾರದೂ ಒಂದ ಥರಾ ಇರಂಗಿಲ್ಲಂತ. ವಯಸ್ಸಿಗೆ ತೆಳ್ಳಗಾಗೋರಿಗೆ ಈ ಎಣ್ಣಿ ಒಂಚೂರು ಹತ್ತಬಹುದು, ಹಿಂಗ ರೂಪಾಯಿಯಗಲ ಹೋಗೂದಕ್ಕ ಮಾತ್ರ ಅದನ್ನ ನಂಬಿ ಕೂಡಬ್ಯಾಡ್ರಿ ಅಂದ್ರು ಡಾಕ್ಟರು. ನೀ ಅಷ್ಟ ಪ್ರೀತೀಲೆ ಮಾಡಿ ಕಳಸ್ತಿದ್ದಿ...”

“ಪ್ರೀತಿ ಸುಡುಗಾಡಿಗೆ ಹಾಕು. ನನ್ನ ಎಣ್ಣೀದ ಪುಣ್ಯ ಅಂತ ಯಾಕಂದಿ?”

“ಹೋಗಲಿ ಬಿಡು ಅಮ್ಮಮ್ಮಾ, ಸಣ್ಣ ಸುಳ್ಳು,” ಅಂತ ಮೊಮ್ಮಗಳು ತೆಲುಗಿನಲ್ಲಿ ನಡುವೆ ಬಂದಳು.

“ನಿನ್ನ ತಲಿ ನೆಟ್ಟಗಾತು, ನಿನಗ ಸಣ್ಣದು. ಅಲ್ಲಿ ಇನ್ನೊಬ್ಬಾಕಿ ತಲಿ ಹಾಳಾಗಾಕತ್ತೈತಿ.”

ಓದು ಬಾರದ ಮುದುಕಿ ಖುಷಿಯಾಗಿರಲಿ ಎಂದು, ಅಳುವ ಕೂಸಿಗೆ ಗಿಲಕಿ ಕೊಟ್ಟ ಹಾಗೆ ನನಗೆ ಆ ಮಾತು ಕೊಟ್ಟಿದ್ದರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಕಾಫಿ ತರುವ ಮೊದಲೇ ಎದುರು ಮನೆಯಾಕೆಗೆ ಫೋನು ಮಾಡಿದೆ.

“ಎಣ್ಣೆ ಬಿಟ್ಟುಬಿಡಮ್ಮಾ. ನನ್ನ ಮೊಮ್ಮಗಳಿಗೆ ಕೂದಲು ಬಂದದ್ದು ಸೂಜಿಯಿಂದ. ನನಗೆ ಸುಳ್ಳು ಹೇಳಿದ್ದರು, ಅದನ್ನೇ ನಿನಗೆ ಹೇಳಿದೆ.”

“ಹೋದ ಜಾಗದಲ್ಲಿ ಮತ್ತೆ ಬರುತ್ತಾ, ಪಿನ್ನಿಗಾರೂ?” ಅಂದಳು.

“ಗೊತ್ತಿಲ್ಲ. ಅದನ್ನು ಡಾಕ್ಟರೇ ಹೇಳಬೇಕು. ಇವತ್ತು ಸಂಜೆಗೇ ಹೆಸರು ಬರೆಸು, ನಾನೂ ಬರುತ್ತೇನೆ,” ಎಂದು ಫೋನಿಟ್ಟು, ಬ್ಯಾಗು ಎತ್ತಿಕೊಂಡು ಸ್ಟೇಷನ್ನಿಗೆ ಹೊರಟೆ.